ಶ್ರಾವಣ ಮುಗಿದ ಮೇಲೂ ಮುಗಿಯದ ಒಪ್ಪತ್ತು

ಗೌರಕ್ಕ, ಅಯ್ಯನವರು ಹಾಗೆ ಹೇಳಿರಲಿಲ್ಲ. ಸಂಜೆಯ ಊಟ ಬಿಟ್ಟು ಒಪ್ಪತ್ತು ಇರಬೇಕೆಂಬ ಮಾತು ನನ್ನದು. ನಾನೇ ಹುಟ್ಟಿಸಿದ್ದು, ನಾನೇ ಅಯ್ಯನವರ ಬಾಯಿಗೆ ಹಚ್ಚಿದ್ದು. ಮೂರು ವರ್ಷಗಳಿಂದ ಹೊತ್ತು ಮುಳುಗಿದ ಮೇಲೆ ನೀವು ಒಂದು ತುತ್ತು ಉಂಡಿಲ್ಲ — ಅದು ನನ್ನ ಸುಳ್ಳಿನಿಂದ.

ಇದನ್ನು ಬಾಯಿಬಿಟ್ಟು ಹೇಳಲೆಂದು ಎಷ್ಟೋ ಸಲ ನಿಮ್ಮೆದುರು ಬಂದು ಕುಳಿತಿದ್ದೇನೆ. ಪ್ರತಿ ಸಲವೂ ಬೇಳೆ ಬೆಂದಿತೇ, ನಳದ ನೀರು ಬಂತೇ ಎಂದು ಇನ್ನೇನನ್ನೋ ಕೇಳಿ ಎದ್ದುಹೋಗಿದ್ದೇನೆ. ಊರ ತುಂಬ ಜಗಳಾಡುವ ಬಾಯಿ ನನ್ನದು, ನಿಮಗೇ ಗೊತ್ತು. ಈ ಒಂದು ಮಾತಿಗೆ ಮಾತ್ರ ಅದು ಏಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಹೊರಗಿನವರು ಓದಿದರೂ ತಿಳಿಯಲಿ ಎಂದು ಎಲ್ಲವನ್ನೂ ಬರೆಯುತ್ತಿದ್ದೇನೆ.

ನೀವು ನನ್ನ ಗಂಡನ ಅಕ್ಕ. ನಾನು ಈ ಮನೆಗೆ ಸೊಸೆಯಾಗಿ ಬರುವಷ್ಟರಲ್ಲಿ ಗಂಡನನ್ನು ಕಳೆದುಕೊಂಡು ಹಾವೇರಿಯ ಈ ತವರಿಗೆ ಮರಳಿ ಬಂದಿದ್ದಿರಿ. ನಿಮಗೆ ಮಕ್ಕಳಿಲ್ಲ. ನನ್ನ ಇಬ್ಬರು ಹೆಣ್ಣುಮಕ್ಕಳಿಗೆ ನೀರು ಹಾಕಿದವರು, ಜಡೆ ಹಾಕಿದವರು ನೀವು. ಎರಡೂ ಹೊತ್ತು ರೊಟ್ಟಿ ಬಡಿದವರೂ ನೀವೇ. ಉಣ್ಣುವುದೆಂದರೆ ನಿಮಗೆ ಬಲು ಪ್ರೀತಿ. ಬಿಸಿ ರೊಟ್ಟಿ, ಮೇಲೆ ಗುರೆಳ್ಳು ಚಟ್ನಿ, ಅದರ ನಡುವೆ ಒಂದು ಕುಳಿ ಮಾಡಿ ಎಣ್ಣೆ — ಹೀಗೆ ಕಣ್ಣು ಅರ್ಧ ಮುಚ್ಚಿ ಉಣ್ಣುತ್ತಿದ್ದಿರಿ. ಆ ಎಣ್ಣೆಯ ಮೇಲೆ ನನ್ನ ಕಣ್ಣು ಬಿತ್ತು.

ಆಗ ನನ್ನ ಗಂಡ ಪೇಟೆಯ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುವ ಕೆಲಸದಲ್ಲಿದ್ದರು. ಸಂಬಳ ನಿಂತಲ್ಲೇ ನಿಂತಿತ್ತು; ಉಳಿದದ್ದೆಲ್ಲ ಓಡುತ್ತಿತ್ತು. ಎಣ್ಣೆ, ತೊಗರಿಬೇಳೆ, ಸಿಲಿಂಡರು, ಮಕ್ಕಳ ಫೀ. ಬಡವರ ಜೋಳ ಎನ್ನುತ್ತಿದ್ದೆವಲ್ಲ, ಆ ಜೋಳಕ್ಕೂ ಸೊಕ್ಕು ಬಂದಿತ್ತು. ಒಂದು ದಿನ ಎಲ್ಲರೂ ಕೂಡಿ ಕುಳಿತು, ಒಬ್ಬೊಬ್ಬರೂ ಒಂದೊಂದನ್ನು ಬಿಡೋಣ ಎಂದು ಮಾತಾಡಿಕೊಂಡೆವು. ನನ್ನ ಗಂಡ ಸ್ಕೂಟರ್ ಬಿಟ್ಟು ನಡೆದು ಹೋಗತೊಡಗಿದರು. ದೊಡ್ಡ ಮಗಳು ಆಟೋ ಬಿಟ್ಟಳು, ಸಣ್ಣವಳು ಟ್ಯೂಷನ್ ಬಿಟ್ಟಳು. ನೀವು ಎಲೆ-ಅಡಿಕೆ ಬಿಟ್ಟಿರಿ. ನಾನು ಮಧ್ಯಾಹ್ನದ ಚಹಾ ಬಿಟ್ಟೆ — ಎಂದು ಹೇಳಿದೆ. ನೀವು ಅಡ್ಡಾದ ಮೇಲೆ ಮಾಡಿಕೊಂಡು ಕುಡಿಯುತ್ತಿದ್ದೆ.

ಆ ವರ್ಷದ ಶ್ರಾವಣದಲ್ಲಿ ಎಂದಿನಂತೆ ನೀವು ತಿಂಗಳು ಪೂರ್ತಿ ಒಪ್ಪತ್ತು ಇದ್ದಿರಿ. ಮಧ್ಯಾಹ್ನ ಒಂದೇ ಊಟ. ತಿಂಗಳ ಕೊನೆಗೆ ಹಿಟ್ಟಿನ ಡಬ್ಬಿ ತೆರೆದು ನೋಡಿದೆ. ತಳ ಕಾಣಬೇಕಾಗಿದ್ದ ಡಬ್ಬಿಯಲ್ಲಿ ಇನ್ನೂ ಹಿಟ್ಟಿತ್ತು. ಬಹಳವೇನಲ್ಲ, ನಾಲ್ಕು ದಿನಕ್ಕಾಗುವಷ್ಟು. ಆದರೆ ಆ ಡಬ್ಬಿಯ ಮುಂದೆ ನಿಂತು ನಾನು ಯೋಚಿಸಿದ್ದು, ಶ್ರಾವಣ ಮುಗಿಯದೇ ಹೋದರೆ ಎಷ್ಟು ಚೆನ್ನ ಎಂದು.

ಶ್ರಾವಣ ಮುಗಿಯುವ ಅಮಾವಾಸ್ಯೆಗೆ ಕರ್ಜಗಿ ಕಡೆಯಿಂದ ನಮ್ಮ ಮನೆತನದ ಗುರುಗಳಾದ ಅಯ್ಯನವರು ಬಂದು ಪಾದಪೂಜೆ ಮಾಡಿಸಿಕೊಂಡು ಹೋದರು. ರಾಣೇಬೆನ್ನೂರಿನ ಬೀಜದ ಗೋದಾಮೊಂದರಲ್ಲಿ ಕೆಲಸ ಸಿಗಬಹುದೆಂದು ಇವರು ಓಡಾಡುತ್ತಿದ್ದ ಕಾಲವದು. ಅಯ್ಯನವರ ಕಾಲಿಗೆ ಬಿದ್ದು, 'ಇವರ ಕೆಲಸದ್ದು ಏನಾಗತೈತ್ರಿ?' ಎಂದು ನಾನು ಕೇಳಿದ್ದು ನಿಜ. 'ಆಗತೈತಿ ತಂಗಿ, ದೇವರು ಅದಾನ' ಎಂದರು. ಅವರು ಹೇಳಿದ್ದು ಅಷ್ಟೇ. ನೀವು ಹಿತ್ತಲಲ್ಲಿದ್ದಿರಿ, ಕೇಳಿಸಿಕೊಳ್ಳಲಿಲ್ಲ.

ಮರುದಿನ ನೀವು ಸಂಜೆಯ ಹಿಟ್ಟು ನಾದಲು ಕುಳಿತಾಗ ನಾನು ಹೇಳಿದೆ: 'ಅಕ್ಕಾರ, ಅಯ್ಯನವರು ಒಂದು ಮಾತು ಹೇಳಿ ಹೋಗ್ಯಾರ. ಇವರಿಗೆ ಕೆಲಸ ಹತ್ತೋ ತನಕ ಮನ್ಯಾಗ ಒಬ್ಬರು ಒಪ್ಪತ್ತು ಬಿಡಬಾರದಂತ.'

'ಅಷ್ಟ ಅಲ್ಲೇನ? ಇಬ್ಬರೂ ಪಾಳೀ ಮ್ಯಾಲ ಮಾಡೂಣು ತಗೋ,' ಎಂದಿರಿ ನೀವು.

ಅಲ್ಲಿಗೇ ನಿಲ್ಲಬಹುದಿತ್ತು. ಒಂದು ದಿನ ನೀವು, ಒಂದು ದಿನ ನಾನು — ಅದೂ ಆಗುತ್ತಿತ್ತು. ಆದರೆ ನನ್ನ ಬಾಯಿಂದ ಮುಂದಿನ ಮಾತು ಥಟ್ಟನೆ ಬಂತು: 'ಹೆಂಡತಿ ಮಾಡಿದ್ರ ನಡಿಯಂಗಿಲ್ಲಂತ್ರಿ. ಒಡಹುಟ್ಟಿದಾಕೀನ ಮಾಡಬೇಕಂತ.'

ನೀವು ಕೈಗೆ ಹತ್ತಿದ ಹಿಟ್ಟನ್ನು ಉದುರಿಸಿ, ನಕ್ಕು, 'ಮತ್ತ ನಾ ಯಾಕ ಇದ್ದೇನಿ?' ಎಂದಿರಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ನಾನು ನನ್ನ ಕಾಲು ಮಡಚಲಿಲ್ಲ, ನಿಮ್ಮ ಕಾಲು ಮಡಚಿಸಿದೆ. ಬೆಲೆ ಏರಿದ್ದು ಸುಳ್ಳಲ್ಲ. ಆದರೆ ಮನೆಯಲ್ಲಿ ಐದು ಬಾಯಿಗಳಿದ್ದವು. ನಿಮ್ಮದೇ ಯಾಕೆ ನನಗೆ ಎದ್ದು ಕಂಡಿತು? ದುಡಿದು ತರದವರು ಇಷ್ಟು ಸುಖವಾಗಿ ಉಣ್ಣುತ್ತಾರಲ್ಲ ಎಂಬ ಹೊಟ್ಟೆಕಿಚ್ಚು ಮೊದಲಿನಿಂದಲೂ ಒಳಗೆ ಇತ್ತೇನೋ. ತುಟ್ಟಿಯ ಕಾಲ ಅದಕ್ಕೊಂದು ನೆಪವಾಯಿತು. ದುಡಿದು ತರದವಳು ನಾನೂ ಆಗಿದ್ದೆ — ಅದು ಆಗ ನೆನಪಾಗಲಿಲ್ಲ.

ಅಂದಿನಿಂದ ಸಂಜೆ ನೀವು ರೊಟ್ಟಿ ಬಡಿಯುವಿರಿ, ನಾವು ನಾಲ್ವರು ಉಣ್ಣುವೆವು. ಹಂಚಿನ ಮೇಲಿಂದ ತೆಗೆದದ್ದನ್ನು ನನ್ನ ತಾಟಿಗೆ ಹಾಕಿ, 'ಬಿಸಿ ಐತಿ, ಲಗೂ ಉಣ್ಣು' ಎನ್ನುವಿರಿ. ನಾನು ಉಂಡೆ. ಗಂಟಲಿಗೆ ಏನೂ ಸಿಕ್ಕಿಕೊಳ್ಳಲಿಲ್ಲ ಎಂದು ನಾಚಿಕೆಯಿಂದಲೇ ಬರೆಯುತ್ತೇನೆ.

ಬ್ಯಾಡಗಿಯಲ್ಲಿ ನನ್ನ ಅಣ್ಣನ ಮಗಳ ನಿಶ್ಚಯಕ್ಕೆ ಹೋಗಿದ್ದು ನಿಮಗೆ ನೆನಪಿರಬೇಕು. ಕಾರ್ಯ ತಡವಾಗಿ, ಪಂಕ್ತಿ ಹಾಕುವಷ್ಟರಲ್ಲಿ ದೀಪ ಹಚ್ಚಿದ್ದರು. ಬೆಳಿಗ್ಗೆ ಬರೀ ಚಹಾ ಕುಡಿದು ಬಸ್ಸು ಹತ್ತಿದ್ದಿರಿ; ಅಂದಿನ ಒಂದು ಊಟವೂ ಆಗಿರಲಿಲ್ಲ. ಹೋಳಿಗೆ, ತುಪ್ಪ ಬಡಿಸುತ್ತಿದ್ದರು. ನನ್ನ ಅತ್ತಿಗೆ ನಿಮ್ಮ ಕೈ ಹಿಡಿದು ಎಳೆದಳು: 'ಇವತ್ತೊಂದಿನ ಕುಂದರ್ರಿ, ಏನಾಗಂಗಿಲ್ಲ.' ನೀವು, 'ಹೊತ್ತು ಮುಳುಗೇತ್ರಿ. ನನ್ನ ತಮ್ಮನ ಅನ್ನದ ಮಾತೈತಿ. ರತ್ನಾ, ನೀನರ ಹೇಳಬಾರದ?' ಎಂದು ನನ್ನ ಕಡೆ ತಿರುಗಿದಿರಿ.

ನಾನು ಹೇಳಿದೆ, 'ಹೌದ್ರಿ, ಅಕ್ಕಾರ ಉಣ್ಣಂಗಿಲ್ಲ.'

ಮೊದಲನೆಯ ಸುಳ್ಳಿಗಿಂತ ಈ ಮಾತೇ ನನ್ನನ್ನು ಹೆಚ್ಚು ತಿನ್ನುತ್ತದೆ. ಅಲ್ಲಿ ನಮ್ಮ ಮನೆಯ ಹಿಟ್ಟು ಖರ್ಚಾಗುತ್ತಿರಲಿಲ್ಲ, ನಮ್ಮ ಎಣ್ಣೆಯೂ ಅಲ್ಲ. ನೀವು ಉಂಡಿದ್ದರೆ ನನಗೆ ಏನೂ ಕಡಿಮೆಯಾಗುತ್ತಿರಲಿಲ್ಲ. ಸುಳ್ಳು ಬಯಲಾದೀತೆಂದು ನಿಮ್ಮನ್ನು ಹಸಿವಿನಲ್ಲೇ ಬಸ್ಸು ಹತ್ತಿಸಿದೆ. ನೀವು ಮಕ್ಕಳಿಗೆಂದು ಎರಡು ಹೋಳಿಗೆಯನ್ನು ಕಾಗದದಲ್ಲಿ ಸುತ್ತಿ ಹಾವೇರಿಯವರೆಗೂ ತೊಡೆಯ ಮೇಲೆ ಇಟ್ಟುಕೊಂಡು ಬಂದಿರಿ.

ಮರುವರ್ಷ ಇವರಿಗೆ ರಾಣೇಬೆನ್ನೂರಿನ ಕೆಲಸ ಸಿಕ್ಕಿತು. ನನಗೆ ಜೀವ ಬಂದಂತಾಯಿತು — ಇನ್ನು ಎಲ್ಲ ಮುಗಿಯಿತು, ಯಾರಿಗೂ ಏನೂ ತಿಳಿಯದೆ ಮುಗಿಯಿತು ಎಂದು. ನಿಮ್ಮ ತಾಟು ಹಾಕಿ, 'ಇನ್ನ ಸಾಕ್ರಿ ಅಕ್ಕಾರ, ಉಣ್ರಿ' ಎಂದೆ.

ನೀವು ತಾಟು ಎತ್ತಿಟ್ಟಿರಿ. ನಿಮ್ಮ ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ನಗುವಿತ್ತು. 'ಕೆಲಸ ಹತ್ತಿದ್ರ ಆತೇನ? ಉಳೀಬೇಕಲ್ಲ. ನಾ ಇರೋ ತನಕ ಬಿಡಂಗಿಲ್ಲ. ಇಷ್ಟು ವರ್ಷ ತಮ್ಮನ ಮನ್ಯಾಗ ಕುಂತು ಉಂಡೆ ರತ್ನಾ. ಈಗ ನನ್ನ ಕಡಿಂದನೂ ಈ ಮನಿಗೆ ಒಂದೀಟು ಆತು.'

ಅದಾದ ಮೇಲೆ ಸತ್ಯ ಹೇಳುವುದು ಇನ್ನೂ ಕಷ್ಟವಾಯಿತು. ಹೇಳಿದರೆ ಆ ಮಾತನ್ನೂ ನಿಮ್ಮಿಂದ ಕಿತ್ತುಕೊಂಡಂತೆ ಎಂದು ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ಅರ್ಧ ನಿಮ್ಮ ಮೇಲಿನ ಕರುಣೆ, ಅರ್ಧ ನನ್ನ ಅಂಜಿಕೆ. ಅಂಜಿಕೆಯೇ ಅರ್ಧಕ್ಕಿಂತ ಹೆಚ್ಚು ಇರಬೇಕು. ಕಳೆದ ವರ್ಷ ಅಯ್ಯನವರೂ ತೀರಿಕೊಂಡರು. ಅವರಿಂದಲೇ 'ನೇಮ ಮುಗೀತು' ಎಂದು ಹೇಳಿಸೋಣವೆಂದಿದ್ದ ನನ್ನ ಇನ್ನೊಂದು ಸುಳ್ಳಿನ ದಾರಿಯೂ ಮುಚ್ಚಿತು.

ಮೊನ್ನೆ ನೀವು ಒಲೆಯ ಮುಂದೆಯೇ ಕುಸಿದಿರಿ. ಸಕ್ಕರೆ ಕಾಯಿಲೆ ಇದೆ, ಗುಳಿಗೆ ನುಂಗಿ ಸಂಜೆ ಉಣ್ಣದೆ ಇದ್ದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದರು. 'ಗುಳಿಗಿ ತಗೋತೇನ್ರಿ, ಊಟದ ಮಾತು ಬ್ಯಾಡ,' ಎಂದು ನೀವು ಅವರಿಗೇ ಕೈಮುಗಿದಿರಿ. ಗುಳಿಗೆ ಬರೆದುಕೊಡಲು ಎತ್ತಿದ ಪೆನ್ನನ್ನು ಅವರು ಕೆಳಗಿಟ್ಟರು. ಇವರು ಅತ್ತರು, ಮಕ್ಕಳು ಅತ್ತರು. ಎಲ್ಲರೂ ನನ್ನನ್ನು ನೋಡಿ, ನೀನಾದರೂ ಬುದ್ಧಿ ಹೇಳು ಎಂದರು.

ಗೌರಕ್ಕ, ನಿಮ್ಮ ಹಸಿವಿನಿಂದ ನಿಮ್ಮ ತಮ್ಮನಿಗೆ ಕೆಲಸ ಸಿಗಲಿಲ್ಲ. ದಿನಕ್ಕೆ ಎರಡು ರೊಟ್ಟಿ ಉಳಿದವು, ಅಷ್ಟೇ. ಈ ಮನೆಗೆ ನೀವು ಮಾಡಿದ್ದು ಆ ಒಪ್ಪತ್ತಿಗಿಂತ ಎಷ್ಟೋ ಮೊದಲು, ನನ್ನ ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡ ದಿನದಿಂದ. ಅದನ್ನು ಒಮ್ಮೆಯಾದರೂ ನಾನು ಬಾಯಿಬಿಟ್ಟು ಹೇಳಿದ್ದರೆ, ಉಂಡ ಅನ್ನಕ್ಕೆ ಲೆಕ್ಕ ಕೊಡಬೇಕೆಂದು ನಿಮಗೆ ಅನಿಸುತ್ತಲೇ ಇರಲಿಲ್ಲ.

ಇಂದು ಇವರು ಕೆಲಸದಿಂದ ಬಂದ ಕೂಡಲೇ, ಅವರ ಎದುರಿಗೆ, ಮಕ್ಕಳ ಎದುರಿಗೆ, ಇದನ್ನು ನಾನೇ ನಿಮಗೆ ಓದಿ ಹೇಳುತ್ತೇನೆ. ಕ್ಷಮಿಸಿರಿ ಎಂದು ಕೇಳಲು ನನಗೆ ಮುಖವಿಲ್ಲ. ಇವತ್ತು ರೊಟ್ಟಿ ನಾನೇ ಬಡಿಯುತ್ತೇನೆ. ನಿಮ್ಮಷ್ಟು ತೆಳ್ಳಗೆ ಬರುವುದಿಲ್ಲ. ತಾಟು ನಿಮ್ಮ ಮುಂದೆ ಇಟ್ಟು, ನೀವು ಉಣ್ಣುವವರೆಗೆ — ಇಲ್ಲವೇ ಆ ತಾಟನ್ನು ನನ್ನ ಕಡೆ ಸರಿಸಿ ಎದ್ದುಹೋಗುವವರೆಗೆ — ಅಲ್ಲೇ ಕೂಡುತ್ತೇನೆ.