ಬ್ರಿಟನ್ನಿನ ನಿರ್ಗಮನವೂ ಒಂದು ಸ್ಟೀಲ್ ಡಬ್ಬಿಯೂ

ನಮ್ಮ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಹನ್ನೊಂದು ಸ್ಟೀಲ್ ಡಬ್ಬಿಗಳೂ ಹದಿನಾಲ್ಕು ಮುಚ್ಚಳಗಳೂ ಇವೆ. ಈ ಹದಿನಾಲ್ಕರಲ್ಲಿ ಆ ಹನ್ನೊಂದಕ್ಕೆ ನೆಟ್ಟಗೆ ಕೂರುವಂಥವು ನಾಲ್ಕೋ ಐದೋ ಇರಬಹುದು. ಉಡುಪಿಯಿಂದ ಮಲೇಷ್ಯಾಕ್ಕೆ ಬಂದು ವೈದ್ಯಕೀಯ ವಿದ್ಯಾರ್ಥಿಗಳಿಗೆ ಅಂಗರಚನಾಶಾಸ್ತ್ರ ಬೋಧಿಸುವ ನಾನು ಇನ್ನೂರ ಆರು ಮೂಳೆಗಳನ್ನು ಕಣ್ಣು ಮುಚ್ಚಿಕೊಂಡು ಯಥಾಸ್ಥಾನದಲ್ಲಿ ಜೋಡಿಸಬಲ್ಲೆನೇ ಹೊರತು ಒಂದು ಮುಚ್ಚಳಕ್ಕೆ ಅದರ ಡಬ್ಬಿಯನ್ನು ಹುಡುಕಿಕೊಡಲಾರೆ. ಓದುಗ ಮಿತ್ರರು ನಗುವ ಮುನ್ನ ತಮ್ಮ ಮನೆಯ ಕಪಾಟನ್ನೂ ಒಮ್ಮೆ ತೆರೆದು ನೋಡಬೇಕೆಂದು ಕೋರುತ್ತೇನೆ.

ಹೆಚ್ಚುವರಿ ಮುಚ್ಚಳಗಳ ಮೂಲ ಪಕ್ಕದ ಮನೆ. ಕೌಲಾಲಂಪುರದ ಮಾಂಟ್ ಕಿಯಾರಾದಲ್ಲಿ ನಮ್ಮದು ಹದಿಮೂರು-ಎ ಮಹಡಿ. ಚೀನೀಯರಿಗೆ ನಾಲ್ಕರ ಅಂಕೆ ಆಗಿಬರುವುದಿಲ್ಲವಾದ್ದರಿಂದ ಹದಿನಾಲ್ಕನೆಯದನ್ನು ಹೀಗೆ ಮಾರುವೇಷದಲ್ಲಿ ಇಟ್ಟಿದ್ದಾರೆ. ಅದೇ ಮಹಡಿಯಲ್ಲಿ, ಗೋಡೆಗೆ ಗೋಡೆ ತಾಗಿಕೊಂಡು, ಮೈಸೂರಿನ ನಾಗಭೂಷಣ ಮತ್ತು ಶಾಂತಲಾ ದಂಪತಿಗಳಿದ್ದಾರೆ. ಭಾನುವಾರ ಶಾಂತಲಾ ಅವರ ಬಿಸಿಬೇಳೆಬಾತ್ ಡಬ್ಬಿಯಲ್ಲಿ ನಮ್ಮ ಮನೆಗೆ ಬರುತ್ತದೆ. ಬುಧವಾರ ನನ್ನ ಹೆಂಡತಿ ವಸುಧಾಳ ಅನಾನಸಿನ ಮೆಣಸ್ಕಾಯಿ ಅದೇ ಡಬ್ಬಿಯಲ್ಲಿ ಅವರ ಮನೆಗೆ ಹೋಗುತ್ತದೆ. ಡಬ್ಬಿ ಖಾಲಿ ಹಿಂದಿರುಗುವಂತಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ತಳದಲ್ಲಿರಬೇಕು. ಈ ನಿಯಮವನ್ನು ನಮಗೆ ಯಾರೂ ಕಲಿಸಿಲ್ಲ, ನಮ್ಮ ತಾಯಂದಿರು ಮಾಡುತ್ತಿದ್ದರು, ನಾವೂ ಮಾಡುತ್ತೇವೆ. ಚಹಾವನ್ನು ಕೂಡ ಪ್ಲಾಸ್ಟಿಕ್ ಚೀಲಕ್ಕೆ ಸುರಿದು ದಾರ ಕಟ್ಟಿ 'ತಪಾವ್', ಅಂದರೆ ಪಾರ್ಸೆಲ್, ಎಂದು ಕೈಗಿಡುವ ಈ ದೇಶದಲ್ಲಿ, ಪಾತ್ರೆ ಹಿಂದಿರುಗಿಸುವ ತಾಪತ್ರಯವನ್ನು ಮೈಮೇಲೆ ಎಳೆದುಕೊಂಡವರು ನಮ್ಮ ಮಹಡಿಯಲ್ಲಿ ನಾವು ಎರಡೇ ಮನೆಯವರು.

ನಾಗಭೂಷಣನಿಗೂ ನನಗೂ ಇನ್ನೊಂದು ಕೊಡುಕೊಳ್ಳುವಿಕೆ ಇತ್ತು, ಅದು ವಾಗ್ವಾದದ್ದು. ಶನಿವಾರ ಸಂಜೆ ಕೆಳಗಿನ ಮಮಕ್, ಎಂದರೆ ತಮಿಳು ಮುಸ್ಲಿಮರ, ಚಹಾದಂಗಡಿಯಲ್ಲಿ ಎದುರುಬದುರು ಕೂತು, ಎತ್ತರದಿಂದ ಎಳೆದು ನೊರೆ ಬರಿಸಿದ ಚಹಾ ಕುಡಿಯುತ್ತ, ಬ್ರಿಟನ್ ದೇಶವು ಯೂರೋಪಿನ ಒಕ್ಕೂಟವನ್ನು ತೊರೆಯುವುದು ಧರ್ಮವೋ ಅಧರ್ಮವೋ ಎಂದು ನಾವು ನಾಲ್ಕು ವರ್ಷ ಚರ್ಚಿಸಿದ್ದೇವೆ. ಇಬ್ಬರ ಪೈಕಿ ಒಬ್ಬನೂ ಆ ದೇಶದ ನೆಲ ಮುಟ್ಟಿದವನಲ್ಲ. ನಾನು ತೊರೆಯುವ ಪಕ್ಷ. ಇದಕ್ಕೆ ಅರ್ಥಶಾಸ್ತ್ರದ ಆಧಾರವೇನೂ ಇರಲಿಲ್ಲ. ಯಾರಾದರೂ ಏನನ್ನಾದರೂ ಬಿಟ್ಟು ಎದ್ದು ಹೊರನಡೆದರೆ ನನಗೆ ಹುಟ್ಟಿನಿಂದಲೂ ಒಂದು ಬಗೆಯ ರೋಮಾಂಚನ; ಓದುವ ಕಾಲದಲ್ಲಿ ಹಾಸ್ಟೆಲ್ ಮೆಸ್ಸನ್ನು ಸಾರು ತೆಳುವಾಯಿತೆಂಬ ಕಾರಣಕ್ಕೆ ಬಹಿಷ್ಕರಿಸಿ ಇಪ್ಪತ್ತು ದಿನ ಬಾಳೆಹಣ್ಣು ತಿಂದವನು ನಾನು. ನಾಗಭೂಷಣ ಉಳಿಯುವ ಪಕ್ಷ. ಅವನಿಗೆ ಕಾರಣವಿತ್ತು. ಸೈಬರ್‌ಜಯಾದ ಅವನ ಕಚೇರಿಗೆ ಇಂಗ್ಲೆಂಡಿನ ಗಿರಾಕಿಯೊಬ್ಬರಿದ್ದರು, ಸರಕು ಗಡಿ ದಾಟುವಾಗ ತುಂಬಬೇಕಾದ ಸುಂಕದ ಫಾರಂಗಳ ತಂತ್ರಾಂಶವನ್ನೆಲ್ಲ ಹೊಸದಾಗಿ ಬರೆಯುವ ಕೆಲಸ ಅವನ ತಲೆಗೆ ಬಿದ್ದಿತ್ತು. ಲಂಡನ್ನಿನಲ್ಲಿ ಮಂತ್ರಿಗಳು ಮನಸ್ಸು ಬದಲಿಸಿದಾಗಲೆಲ್ಲ ನಮ್ಮ ನಾಗಭೂಷಣನ ಊಟ ತಣ್ಣಗಾಗುತ್ತಿತ್ತು.

ಬ್ರಿಟನ್ನೂ ಒಕ್ಕೂಟವೂ ಮೀನು ಹಿಡಿಯುವ ಹಕ್ಕಿನ ಬಗ್ಗೆ ಜಗಳಕ್ಕೆ ನಿಂತಾಗ ನಮ್ಮ ಮೇಜೂ ಹಿಂದೆ ಬೀಳಲಿಲ್ಲ. ಆ ಕಡಲಿನ ಮೀನು ಯಾರದು ಎಂದು ಇಬ್ಬರು ಶುದ್ಧ ಸಸ್ಯಾಹಾರಿಗಳು ಮುಖ ಕೆಂಪಗೆ ಮಾಡಿಕೊಂಡು ವಾದಿಸುತ್ತಿದ್ದುದನ್ನು ಕಂಡು ಅಂಗಡಿಯವನು, "ಬಾಸ್, ಮೀನು ಇವತ್ತು ಖಾಲಿ" ಎಂದು ತಿಳಿಸಿ ಹೋದದ್ದುಂಟು. ಆದರೆ ಆ ಅಂಗಡಿಯಲ್ಲಿ ಒಂದು ಸೌಲಭ್ಯವಿತ್ತು. ಮಾತು ಕುದಿಯುವ ಹೊತ್ತಿಗೆ ಸರಿಯಾಗಿ ಬಿಸಿ ರೊಟ್ಟಿಯ ತಟ್ಟೆ ಮೇಜಿನ ಮೇಲೆ ಬಂದು ಬೀಳುತ್ತಿತ್ತು, ಬಾಯಿ ಬೇರೆ ಕೆಲಸಕ್ಕೆ ತೊಡಗುತ್ತಿತ್ತು.

ನಮ್ಮದೇ ಮಹಡಿಯಲ್ಲಿ ಒಬ್ಬ ನಿಜವಾದ ಆಂಗ್ಲ ಮಹಾಶಯರಿದ್ದರು, ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ಪಿಯಾನೋ ಕಲಿಸಿ ನಿವೃತ್ತರಾದವರು. ಒಮ್ಮೆ ಲಿಫ್ಟಿನಲ್ಲಿ ಅವರನ್ನು ಹಿಡಿದು ನಿಲ್ಲಿಸಿ, ತಾವು ಯಾವ ಕಡೆಗೆ ಮತ ಹಾಕಿದಿರಿ ಎಂದು ಇಬ್ಬರೂ ಒಟ್ಟಿಗೇ ಕೇಳಿದೆವು. ದೇಶ ಬಿಟ್ಟು ಹದಿನೈದು ವರ್ಷ ದಾಟಿದವರಿಗೆ ಆಗ ಮತದ ಹಕ್ಕೇ ಇರಲಿಲ್ಲವಂತೆ. ತಮ್ಮ ದೇಶದ ಸಮಾಚಾರ ಬೇಕಾದಾಗ ತಾವು ನಮ್ಮಿಬ್ಬರ ಹಿಂದಿನ ಮೇಜಿನಲ್ಲಿ ಕೂತು ಕೇಳಿಸಿಕೊಳ್ಳುವುದಾಗಿ ಅವರು ಬಹಳ ವಿನಯದಿಂದ ಹೇಳಿದರು.

ಹೀಗಿರಲು ಮಹಾಮಾರಿ ಬಂತು. ಮಮಕ್ ಅಂಗಡಿಯವನು ಮೇಜು ಮಡಚಿ ಒಳಗಿಟ್ಟ; ಮುಂದೆ ಅವನು ಮೇಜು ಹಾಕಿದಾಗಲೂ ನಮ್ಮ ಹೆಂಡಿರು ನಮ್ಮನ್ನು ಕಳಿಸಲಿಲ್ಲ. ಡಬ್ಬಿಗಳು ಮಾತ್ರ ಬಾಗಿಲ ಹಿಡಿಗೆ ಚೀಲದಲ್ಲಿ ನೇತುಹಾಕಿಸಿಕೊಂಡು ಯಥಾಪ್ರಕಾರ ಓಡಾಡುತ್ತಿದ್ದವು. ವಾಗ್ವಾದವು ಈ ಊರಿನ ಕನ್ನಡ ಕುಟುಂಬಗಳ ವಾಟ್ಸಾಪ್ ಗುಂಪಿಗೆ ವಲಸೆ ಹೋಯಿತು. ಹುರಳಿಕಾಳು ಬ್ರಿಕ್‌ಫೀಲ್ಡ್ಸಿನ ಯಾವ ಅಂಗಡಿಯಲ್ಲಿ ಸಿಗುತ್ತದೆಂದು ವಿಚಾರಿಸಲು ಹುಟ್ಟಿದ ಆ ಗುಂಪಿನಲ್ಲಿ ನಲವತ್ತು ಮನೆಯವರಿದ್ದರು, ಎಲ್ಲರಿಗೂ ಪುರಸೊತ್ತಿತ್ತು, ರೊಟ್ಟಿ ತಂದುಕೊಡುವವರು ಮಾತ್ರ ಯಾರೂ ಇರಲಿಲ್ಲ.

ಆ ವರ್ಷದ ಕೊನೆಯ ವಾರ ಬ್ರಿಟನ್ನಿಗೂ ಒಕ್ಕೂಟಕ್ಕೂ ಅಂತೂ ಇಂತೂ ವ್ಯಾಪಾರದ ಒಪ್ಪಂದವಾಯಿತೆಂಬ ಸುದ್ದಿ ಬಂದಾಗ, ನಾನು ಗುಂಪಿನಲ್ಲಿ ಸ್ವಾಭಿಮಾನ, ಸಾರ್ವಭೌಮತ್ವ ಮುಂತಾದ ಘನವಾದ ಪದಗಳನ್ನು ಧಾರಾಳವಾಗಿ ಬಳಸಿ ಒಂದು ಜಯಘೋಷ ಬರೆದೆ. ನಾಗಭೂಷಣ ಉತ್ತರಿಸಿದ: "ಡಾಕ್ಟ್ರೇ, ಹೊರಗೆ ಹೋಗೋದು ಅಂದ್ರೆ ಬಾಗಿಲು ತೆಗೆದು ಹೋಗೋದಲ್ಲ. ಒಂದು ಪೆಟ್ಟಿಗೆ ಚೀಸು ಸಮುದ್ರ ದಾಟೋಕೆ ಎಷ್ಟು ಫಾರಂ ಬೇಕು ಅಂತ ನನ್ನ ಕೇಳಿ." ಸ್ವಾಭಿಮಾನಿಗೆ ಫಾರಂ ತೃಣಸಮಾನ ಎಂದು ನಾನು ಬರೆದೆ. ಅವನು ಬರೆದ: "ಸ್ವಾಭಿಮಾನ ಎಲ್ಲ ಸರಿ. ನಮ್ಮನೆ ಬಿಸಿಬೇಳೆಬಾತ್ ಬರ್ಲಿಲ್ಲ ಅಂದ್ರೆ ಭಾನುವಾರ ನಿಮ್ಮನೇಲಿ ಊಟಕ್ಕೆ ಏನ್ಮಾಡ್ತೀರಿ?"

ನಲವತ್ತು ಮನೆಗಳಿಂದ ನಗುವ ಮುಖಗಳು ಸಾಲುಗಟ್ಟಿ ಬಂದವು. ಅದರಲ್ಲಿ ಒಂದು ನಗು ನನ್ನ ಹೆಂಡತಿಯದೇ ಆಗಿತ್ತು. ನನ್ನ ಕಿವಿ ಬಿಸಿಯಾಯಿತು. ಇಂದಿನಿಂದ ನಮ್ಮ ಮನೆ ಈ ಡಬ್ಬಿಗಳ ಒಕ್ಕೂಟದಿಂದ ಹೊರಬಂದಿದೆ ಎಂದು ಟೈಪಿಸಿ, ನಲವತ್ತು ಕುಟುಂಬಗಳ ಸಾಕ್ಷಿಯಲ್ಲಿ ಕಳಿಸಿಬಿಟ್ಟೆ. ನಾಗಭೂಷಣ ಒಂದು ಹೆಬ್ಬೆರಳನ್ನು ಎತ್ತಿ ತೋರಿಸಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ಹಳದಿ ಹೆಬ್ಬೆರಳು ತಡೆಯಲಾಗಲಿಲ್ಲ.

ಮುಂದಿನದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅಡುಗೆಮನೆಯಲ್ಲಿ ಶಾಂತಲಾ ಅವರ ಡಬ್ಬಿಯೊಂದಿತ್ತು, ಹೊಟ್ಟೆಯ ಮೇಲೆ ಚುಕ್ಕೆಚುಕ್ಕೆಯಾಗಿ ಅವರ ತಾಯಿಯ ಹೆಸರು ಕೊರೆಸಿದ್ದು. ವಸುಧಾ ಸ್ನಾನಕ್ಕೆ ಹೋಗಿದ್ದಳು. ನಾನು ಆ ಡಬ್ಬಿಯನ್ನು ತೊಳೆದು, ಒರೆಸಿ, ಕೈಗೆ ಸಿಕ್ಕಿದ ಮುಚ್ಚಳ ಒತ್ತಿ, ಪಕ್ಕದ ಮನೆಯ ಬಾಗಿಲ ಹಿಡಿಗೆ ನೇತುಹಾಕಿ ಬಂದೆ. ಖಾಲಿ ಡಬ್ಬಿ.

ಮೊದಲು ಪತ್ತೆ ಹಚ್ಚಿದವಳು ಈ ದೇಶದಲ್ಲೇ ಬೆಳೆದ, ಕನ್ನಡದಲ್ಲಿ ಕೇಳಿಸಿಕೊಂಡು ಇಲ್ಲಿನ 'ಲಾ' ಬೆರೆಸಿದ ಇಂಗ್ಲಿಷಿನಲ್ಲಿ ಉತ್ತರಿಸುವ ನನ್ನ ಹತ್ತು ವರ್ಷದ ಮಗಳು. "ಅಪ್ಪಾ, ಎಂಪ್ಟಿ ಕ್ಯಾನಾಟ್ ಲಾ" ಎಂದಳು. ವಸುಧಾ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಂದಳು. "ಎಂತ ಮಾರಾಯ್ರೆ, ಖಾಲಿ ಕೊಟ್ಟು ಬಂದ್ರಾ? ಒಂದು ಚಿಟಿಕೆ ಸಕ್ಕರೆ ಸಿಗ್ಲಿಲ್ವಾ ನಿಮ್ಗೆ?" ಎಂದು ಮೆಲ್ಲಗೆ ಕೇಳಿ ಒಳಗೆ ಹೋದಳು. ಖಾಲಿ ಪಾತ್ರೆ ಕೊಟ್ಟರೆ ನಿಮ್ಮ ನಮ್ಮ ನಂಟು ಮುಗಿಯಿತು ಎಂದಂತೆ. ಅದು ಗೊತ್ತಿಲ್ಲದೆ ಮಾಡಿದವನಲ್ಲ ನಾನು.

ಎರಡು ಭಾನುವಾರಗಳು ಬಿಸಿಬೇಳೆಬಾತ್ ಇಲ್ಲದೆ ಕಳೆದವು. ಬಾಲ್ಕನಿಗೆ ಬಂದರೆ ನಾಗಭೂಷಣ ತನ್ನ ತುಳಸಿ ಕುಂಡವನ್ನು ಮೈಕ್ರೋಸ್ಕೋಪಿನಲ್ಲಿ ನೋಡುವವನಷ್ಟು ಶ್ರದ್ಧೆಯಿಂದ ನೋಡುತ್ತ ನಿಲ್ಲುತ್ತಿದ್ದ. ನಾನು ಪೂರ್ವದಿಕ್ಕಿನ ಕ್ರೇನುಗಳನ್ನು ಎಣಿಸುತ್ತಿದ್ದೆ. ವಸುಧಾ ಡೆಂಗಿ ಜ್ವರದಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ದಿನಾ ಮಧ್ಯಾಹ್ನ ಅದೇ ಡಬ್ಬಿಯಲ್ಲಿ ಮೆಣಸಿನ ಸಾರು ಹಾಕಿಸಿಕೊಂಡು ಸೈಬರ್‌ಜಯಾದಿಂದ ಕಾರು ಓಡಿಸಿಕೊಂಡು ಬರುತ್ತಿದ್ದವನು ಇವನೇ. ಅದು ನೆನಪಾದಾಗಲೆಲ್ಲ ಕ್ರೇನುಗಳನ್ನು ಮತ್ತೆ ಮೊದಲಿನಿಂದ ಎಣಿಸುತ್ತಿದ್ದೆ. ಆರು ವರ್ಷದ ಸ್ನೇಹವನ್ನು ನಾನು ಕಂಡರಿಯದ ಒಂದು ದ್ವೀಪದ ಮರ್ಯಾದೆಗಾಗಿ ಬಾಗಿಲ ಹಿಡಿಗೆ ನೇತುಹಾಕಿ ಬಂದಿದ್ದೆ.

ಮೂರನೆಯ ವಾರ ನಾಗಭೂಷಣನ ಕಚೇರಿಯ ಸಹೋದ್ಯೋಗಿಯೊಬ್ಬರಿಗೆ ಸೋಂಕು ತಗಲಿತೆಂದು ತಿಳಿದು, ಅವನನ್ನೂ ಶಾಂತಲಾ ಅವರನ್ನೂ ಹತ್ತು ದಿನ ಮನೆಯಲ್ಲೇ ಇರಿಸಿದರು. ಇಬ್ಬರ ಮುಂಗೈಗೂ ಗುಲಾಬಿ ಬಣ್ಣದ ಪಟ್ಟಿ ಸುತ್ತಿದ್ದರು. ಬಾಲ್ಕನಿಯಲ್ಲಿ ತುಳಸಿಗೆ ನೀರು ಹಾಕುವಾಗ ಆ ಪಟ್ಟಿ ಕಂಡದ್ದೇ ತಡ, ವಸುಧಾ ಅಕ್ಕಿ ತೊಳೆಯತೊಡಗಿದಳು. ನಾನು ತೆಂಗಿನಕಾಯಿ ತುರಿದುಕೊಟ್ಟೆ. ಅಡುಗೆ ತುಂಬಿದ ಡಬ್ಬಿಯನ್ನು ಅವರ ಬಾಗಿಲಿಗೆ ನೇತುಹಾಕಿ, ಗಂಟೆ ಒತ್ತಿ ಓಡಿಬರುವ ಕೆಲಸ ನನ್ನ ಪಾಲಿನದು. ಬ್ರಿಟನ್ನಿನ ನಿರ್ಗಮನ ಪೂರ್ತಿ ಜಾರಿಗೆ ಬಂದ ಮೊದಲ ತಿಂಗಳಲ್ಲೇ, ಅದರ ಕಟ್ಟಾ ಸಮರ್ಥಕನೊಬ್ಬ ಗಡಿಯಾಚೆಗೆ ಯಾವ ಫಾರಂ ಇಲ್ಲದೆ ದಿನಕ್ಕೆರಡು ಬಾರಿ ನೀರುದೋಸೆ ಸಾಗಿಸುತ್ತಿದ್ದ.

ಆ ಮನೆಯಿಂದ ಯಾವುದೂ ಹೊರಬರುವ ಹಾಗಿಲ್ಲವಾದ್ದರಿಂದ ಪಾತ್ರೆಗಳು ಹಿಂದಿರುಗಲಿಲ್ಲ. ನಾಲ್ಕನೆಯ ದಿನ ನಮ್ಮ ಡಬ್ಬಿಗಳು ಮುಗಿದವು. ಆರನೆಯ ದಿನ ಇಡ್ಲಿ ಪಾತ್ರೆ ಹೋಯಿತು. ಎಂಟನೆಯ ದಿನ ಪ್ರೆಷರ್ ಕುಕ್ಕರಿನೊಳಗಿನ ತಟ್ಟೆಗಳೂ ಹೋಗಿ, ಒಂಬತ್ತನೆಯ ದಿನ ಸಾಂಬಾರನ್ನು ನನ್ನ ಮಗಳ ಶಾಲೆಯ ನೀರಿನ ಫ್ಲಾಸ್ಕಿನಲ್ಲಿ ಕಳಿಸಿದೆವು. ಲಿಫ್ಟಿನ ಬಳಿ ನಿಂತು ಇದನ್ನೆಲ್ಲ ಗಮನಿಸುತ್ತಿದ್ದ ಪಿಯಾನೋ ಮಾಸ್ತರರು, ಮಾಸ್ಕಿನ ಹಿಂದಿನಿಂದ, ನಮ್ಮಿಬ್ಬರ ನಡುವೆ ಹೊಸ ಒಪ್ಪಂದವೇನಾದರೂ ಆಯಿತೇ ಎಂದು ವಿಚಾರಿಸಿದರು. ಮಾತುಕತೆ ನಡೆದಿಲ್ಲ, ಬರೀ ಸಾಗಣೆ ನಡೆದಿದೆ ಎಂದೆ.

ಹನ್ನೊಂದನೆಯ ದಿನ ಬೆಳಗ್ಗೆ ನಮ್ಮ ಗಂಟೆ ಸದ್ದಾಯಿತು. ಬಾಗಿಲಲ್ಲಿ ನಾಗಭೂಷಣ, ಮುಂಗೈ ಬೋಳು. ಅವನ ಕೈಯಲ್ಲಿದ್ದ ಬಟ್ಟೆ ಒಗೆಯುವ ಬುಟ್ಟಿಯಲ್ಲಿ ನಮ್ಮ ಅಡುಗೆಮನೆಯೇ ಹಿಂದಿರುಗಿ ಬಂದಿತ್ತು. ಒಂದು ಡಬ್ಬಿಯಲ್ಲಿ ಗೊಜ್ಜವಲಕ್ಕಿ, ಒಂದರಲ್ಲಿ ಚಟ್ನಿಪುಡಿ, ಒಂದರಲ್ಲಿ ಕೊಬ್ಬರಿ ಮಿಠಾಯಿ, ಇಡ್ಲಿ ಪಾತ್ರೆಯ ತುಂಬ ಕೋಡುಬಳೆ, ಫ್ಲಾಸ್ಕಿನಲ್ಲಿ ಕೂಡ ಒಂದು ಹಿಡಿ ಕಲ್ಲುಸಕ್ಕರೆ. ಎಲ್ಲಕ್ಕೂ ಮೇಲೆ, ಶಾಂತಲಾ ಅವರ ತಾಯಿಯ ಹೆಸರಿನ ಆ ಡಬ್ಬಿ. ತೆರೆದು ನೋಡಿದೆ. ಹೊಳೆಯುವ ಹಾಗೆ ಬೆಳಗಿದ್ದರು, ಒಳಗೆ ಏನೂ ಇರಲಿಲ್ಲ.

"ಇದು ನಿಮ್ಮದಲ್ವಾ?" ಎಂದೆ.

"ಖಾಲಿ ಕೊಟ್ಟೋರು ನೀವು ಡಾಕ್ಟ್ರೇ. ತುಂಬ್ಸಿ ಕೊಡಿ, ಆಮೇಲೆ ನಮ್ದು" ಎಂದ ನಾಗಭೂಷಣ.

ತಪ್ಪಾಯಿತು ಎಂದು ನಾನು ಹೇಳಿದೆ. ಅದನ್ನು ಹೇಳಲು ಅಷ್ಟು ದಿನ ಬೇಕಾಯಿತೇ ಎಂದು ನನಗೇ ಆಶ್ಚರ್ಯವಾಯಿತು. ಅವನು, "ಆಯ್ತು ಬಿಡಿ, ಮೀನಿನ ವಿಷ್ಯ ಇನ್ನೂ ಇತ್ಯರ್ಥ ಆಗಿಲ್ಲ" ಎಂದು ಬುಟ್ಟಿ ಕೆಳಗಿಟ್ಟು ಹೋದ. ಆ ಬುಧವಾರ ಮೆಣಸ್ಕಾಯಿಯನ್ನು ವಸುಧಾಳಿಗೆ ಮುಟ್ಟಗೊಡದೆ ನಾನೇ ಮಾಡಿದೆ. ತಳ ಸ್ವಲ್ಪ ಹಿಡಿಯಿತು. ಅದೇ ಡಬ್ಬಿಗೆ ಕಂಠಮಟ್ಟ ತುಂಬಿ, ಬಾಗಿಲಿಗೆ ನೇತುಹಾಕದೆ ಕೈಯಾರೆ ಶಾಂತಲಾ ಅವರಿಗೇ ಕೊಟ್ಟುಬಂದೆ. ಉಪ್ಪು ಕಡಿಮೆ, ಬೆಲ್ಲ ಜಾಸ್ತಿ, ಆದರೆ ಡಬ್ಬಿ ತುಂಬಿದೆ ಎಂಬ ಅವರ ತೀರ್ಪು ನಲವತ್ತು ಮನೆಗಳ ಗುಂಪಿನಲ್ಲೇ ಬಂತು.

ಬ್ರಿಟನ್ ತೊರೆದದ್ದು ಸರಿಯೇ ಎಂದು ಈಗ ಯಾರಾದರೂ ಕೇಳಿದರೆ ನಾನು ಪಕ್ಷ ಬದಲಿಸಿಲ್ಲ. ಎದ್ದು ಹೋಗುವವರು ಹೋಗಲಿ, ಹಿಂದೆ ಉಳಿದವರ ಡಬ್ಬಿಯನ್ನು ಹೇಗೆ ಹಿಂದಿರುಗಿಸಿದರು ಎಂದು ಮಾತ್ರ ಒಂದು ಸಲ ವಿಚಾರಿಸುತ್ತೇನೆ.

ಕಪಾಟಿನ ವಿಷಯಕ್ಕೆ ಮರಳುವುದಾದರೆ, ಆ ಹದಿನಾಲ್ಕು ಮುಚ್ಚಳಗಳಲ್ಲಿ ಒಂದರ ವಿಳಾಸವಾದರೂ ಈಗ ನನಗೆ ಗೊತ್ತಾಗಿದೆ. ಅಂದು ಸಿಟ್ಟಿನ ಭರದಲ್ಲಿ ಶಾಂತಲಾ ಅವರ ಡಬ್ಬಿಗೆ ನಮ್ಮ ಮುಚ್ಚಳ ಒತ್ತಿ ಕೊಟ್ಟಿದ್ದೆ, ಅವರದು ಇಲ್ಲೇ ಉಳಿದಿದೆ. ಅದನ್ನು ಕೊಟ್ಟುಬಿಡೋಣವೆಂದು ವಸುಧಾ ಹೇಳುತ್ತಲೇ ಇದ್ದಾಳೆ, ನಾನು ಏನಾದರೊಂದು ನೆಪ ಹೇಳಿ ಮುಂದೂಡುತ್ತಿದ್ದೇನೆ. ಈ ಭಾನುವಾರ ಬಿಸಿಬೇಳೆಬಾತ್ ಅದೇ ಡಬ್ಬಿಯಲ್ಲಿ ಬಂತು. ನಮ್ಮ ಮುಚ್ಚಳ ಸರಿಯಾಗಿ ಕೂರುವುದಿಲ್ಲವೆಂದು ಶಾಂತಲಾ ಅವರು ಮೇಲೊಂದು ತಟ್ಟೆ ಮುಚ್ಚಿ ಕಳಿಸಿದ್ದರು. ಇನ್ನು ಆ ತಟ್ಟೆಯನ್ನೂ ಖಾಲಿ ಕಳಿಸುವ ಹಾಗಿಲ್ಲ.