ಅಳತೆಗೆ ಸಿಗದ ಮಳೆ

ಬಹ್ರೈನಿಗೆ ಬಂದು ಎರಡು ತಿಂಗಳಾಗಿತ್ತು. ಒಂದು ಸಂಜೆ ಉಮ್ ಅಲ್ ಹಸ್ಸಮ್‌ನ ನನ್ನ ಕೋಣೆಯ ಟ್ಯೂಬ್‌ಲೈಟಿನಿಂದ ನೀರು ತೊಟ್ಟಿಕ್ಕತೊಡಗಿತು. ಮೇಲಿನ ಮನೆಯವರು ನಲ್ಲಿ ತೆರೆದಿಟ್ಟಿರಬೇಕೆಂದು ಜಗಳಕ್ಕೆ ಹೊರಟವನಿಗೆ ಮೆಟ್ಟಿಲಲ್ಲಿ ನೆನಪಾಯಿತು: ನನ್ನ ಮೇಲೆ ಮನೆಯೇ ಇಲ್ಲ, ಬರೀ ಟೆರೇಸು. ಹೊರಗೆ ಮಳೆ. ಅದನ್ನು ಮಳೆ ಎನ್ನಲೂ ನನಗೆ ನಾಚಿಕೆಯಾಯಿತು. ನಮ್ಮ ಕಾರ್ಕಳದಲ್ಲಿ ಅಷ್ಟಕ್ಕೆಲ್ಲ ಯಾರೂ ಕೊಡೆ ಬಿಡಿಸುವುದಿಲ್ಲ. ಇಲ್ಲಿ ಮಾತ್ರ ರಸ್ತೆ ಕೆರೆಯಾಗಿತ್ತು, ಕಾರುಗಳು ನಿಂತಲ್ಲೇ ನಿಂತಿದ್ದವು. ನೀರು ಹೋಗಲು ಚರಂಡಿ ಎಲ್ಲಿ ಎಂದು ವಾಚ್‌ಮನ್‌ನನ್ನು ಹಿಂದಿಯಲ್ಲಿ ಕೇಳಿದೆ.

"ಇಲ್ಲಿ ನೀರು ಹರಿದು ಹೋಗುವುದಿಲ್ಲ ಸಾಬ್. ಟ್ಯಾಂಕರ್ ಬಂದು ಹೀರಿಕೊಂಡು ಹೋಗುತ್ತದೆ" ಎಂದ.

ನಾನು ನಕ್ಕೆ. ಆ ನಗುವಿಗೆ ತಕ್ಕ ಶಾಸ್ತಿ ಆಮೇಲೆ ಆಯಿತು.

ನನ್ನ ಕೆಲಸ ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಸಣ್ಣ ಕಚೇರಿಯಲ್ಲಿ. ಉತ್ತರದ ಚಳಿದೇಶವೊಂದರ ಅಣೆಕಟ್ಟಿನ ವಿಮೆಗಾಗಿ ಅಲ್ಲಿನ ಹಳೆಯ ಮಳೆ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಬೇಕು. ಒಂದೇ ಊರಿನದು, ಆದರೆ ಹಲವು ದಶಕಗಳದ್ದು. ಯಾರೋ ಪುಣ್ಯಾತ್ಮ ದಿನಾ ಬೆಳಿಗ್ಗೆ ಬಿದ್ದ ಹಿಮವನ್ನು ಒಳಗೆ ತಂದು, ಕರಗಿಸಿ, ನೀರನ್ನು ಅಳೆದು ಬರೆದಿಟ್ಟಿದ್ದಾನೆ. ಹಿಮ ಬೀಳಬೇಕಾದ ತಿಂಗಳುಗಳಲ್ಲಿ ಈಗೀಗ ಮಳೆ ಬೀಳುತ್ತಿದೆಯೇ, ಎಂದಿನಿಂದ, ಎಷ್ಟು ದಿನ ಎಂದು ತಿಳಿಯುವುದೇ ಈ ಲೆಕ್ಕದ ಉದ್ದೇಶ. ಹಿಮ ಬಿದ್ದಲ್ಲೇ ನಿಲ್ಲುತ್ತದೆ, ಮಳೆ ನೇರ ಅಣೆಕಟ್ಟಿಗೆ ಹರಿಯುತ್ತದೆ. ಹೊರಗೆ ಮರಳು ಸುಡುವ ದೇಶದಲ್ಲಿ ಏಸಿಯ ಚಳಿಗೆ ಸ್ವೆಟರ್ ಹಾಕಿಕೊಂಡು ಕಾಣದೂರಿನ ಹಿಮ ಬರೆಯುತ್ತಿದ್ದೆ. ಹೆಂಡತಿಗೆ ಹೇಳಿದರೆ, "ನಿಮ್ಗೆ ಬೇರೆ ಕೆಲಸ ಸಿಗ್ಲಿಲ್ವಾ?" ಎಂದು ನಕ್ಕಿದ್ದಳು.

ಅವಳೂ ಏಳು ವರ್ಷದ ಮಗಳೂ ಕಾರ್ಕಳದಲ್ಲಿದ್ದಾರೆ. ಮೂರು ತಿಂಗಳು ನನ್ನ ಕೆಲಸ ನೋಡಿ ಒಪ್ಪಿಗೆಯಾದರೆ ಕಾಯಂ ಪತ್ರ. ಆ ಪತ್ರ ಕೈಗೆ ಬಂದರೆ ಅವರ ವೀಸಾಕ್ಕೆ ಅರ್ಜಿ. ಮಗಳು ಆಗಲೇ ಚೀಲ ತುಂಬಿಸಿಟ್ಟಿದ್ದಳು. ಬೆಳಿಗ್ಗೆ ಎದ್ದ ಕೂಡಲೇ ನಾನು ಆ ಪತ್ರದ ಬಗ್ಗೆಯೇ ಯೋಚಿಸುತ್ತಿದ್ದೆ. ಮಧ್ಯಾಹ್ನ ಖುಬ್ಬೂಸ್, ಅಂದರೆ ಇಲ್ಲಿನ ಭಟ್ಟಿಯ ರೊಟ್ಟಿ, ಮುರಿಯುವಾಗಲೂ ಅದೇ ಯೋಚನೆ.

ಕೋಣೆಯೊಳಗೆ ಮಳೆ ಬಂದ ಮರುದಿನ ಅಕ್ಕನಿಗೆ ಫೋನ್ ಮಾಡಿದೆ. ಅವಳದು ಊರಿನಲ್ಲಿ ಹಪ್ಪಳದ ವ್ಯಾಪಾರ. ಇಲ್ಲಿಯವರ ಅವಸ್ಥೆ ಹೇಳಿ ನಗಿಸೋಣವೆಂದರೆ ಅವಳ ಸ್ವರವೇ ಇಳಿದಿತ್ತು.

"ನಿಂಗೆ ನಗು ಬರ್ತದೆ. ಇಲ್ಲಿ ನಿನ್ನೆ ನಾಲ್ಕು ಹನಿ ಬಿದ್ದದ್ದಕ್ಕೆ ಟೆರೇಸಿನಲ್ಲಿದ್ದ ಹಪ್ಪಳ ಪೂರಾ ಹೋಯ್ತು ಮಾರಾಯ. ಮೊದ್ಲೆಲ್ಲ ಜನವರಿಯಲ್ಲಿ ಆಕಾಶ ನೋಡುವ ಕೆಲ್ಸವೇ ಇರ್ಲಿಲ್ಲ."

"ನಾಲ್ಕು ಹನಿ ತಾನೆ ಅಕ್ಕ?"

"ನಾಲ್ಕು ಹನಿ ಸಾಕಲ್ವಾ ಹಾಳಾಗ್ಲಿಕ್ಕೆ?"

ನನಗೆ ಕಚೇರಿಯ ಮಳೆ ಪುಸ್ತಕಗಳು ನೆನಪಾದವು. ಆ ಪುಸ್ತಕಗಳಲ್ಲಿ ಕೆಲವು ದಿನಗಳೆದುರು ಅಂಕಿ ಇರಲಿಲ್ಲ, ಒಂದು ಸಣ್ಣ ಶಿಲುಬೆಯಂಥ ಗುರುತಿತ್ತು. ಬಿದ್ದದ್ದು ನಿಜ, ಆದರೆ ಅಳತೆಗೆ ಸಿಗದಷ್ಟು ಎಂದು ಅದರ ಅರ್ಥ. ಅದನ್ನು ಹಾಗೆಯೇ ದಾಖಲಿಸಬೇಕೆಂದು ಸೂಚನೆಯ ಹಾಳೆಯಲ್ಲಿತ್ತು. ಓದಿಯೂ ಇದ್ದೆ. ಆದರೆ ನಮ್ಮ ಕಡೆಯ ಆಟಿ ತಿಂಗಳ, ಅಂದರೆ ಆಷಾಢದ, ಜಡಿಮಳೆಯಲ್ಲಿ ನೆನೆದು ಬೆಳೆದವನ ಜಂಬ ನೋಡಿ, ನಾಲ್ಕು ಹನಿಯೂ ಒಂದು ಮಳೆಯಾ ಎಂದುಕೊಂಡು ಎಲ್ಲ ಕಡೆ ಸೊನ್ನೆ ಒತ್ತಿದ್ದೆ.

ಕಚೇರಿಗೆ ಹೋಗಿ ಹಳೆಯ ವರ್ಷಗಳ ಪುಟ ತೆರೆದೆ. ಚಳಿಗಾಲದಲ್ಲಿ ಹಿಮದ ಅಂಕಿಗಳು ಸಾಲಾಗಿದ್ದವು. ಈಚಿನ ವರ್ಷಗಳಿಗೆ ಬಂದಂತೆ ಅಂಕಿ ಕಡಿಮೆಯಾಗಿ, ಆ ಜಾಗದಲ್ಲಿ ತುಂತುರಿನ ಶಿಲುಬೆಗಳು ಹೆಚ್ಚಿದ್ದವು. ಆ ಊರಿನ ಹವೆ ಬದಲಾದದ್ದು ಕಾಣುತ್ತಿದ್ದುದೇ ಅಲ್ಲಿ. ನನ್ನ ಸೊನ್ನೆಗಳ ಪ್ರಕಾರ ಅಲ್ಲಿ ಬರೀ ಒಣ ಹವೆ. ಯಾರಿಗೂ ಗೊತ್ತಿಲ್ಲ ಎಂಬುದೇ ಹೆಚ್ಚು ಹೆದರಿಸಿತು.

ಪಕ್ಕದ ಮೇಜಿನ ವಿಲ್ಫ್ರೆಡ್ ಮೂಡುಬಿದಿರೆಯವ, ಇಲ್ಲಿಗೆ ಬಂದು ಹದಿನಾಲ್ಕು ವರ್ಷ. ಅವನಿಗೆ ಮೆಲ್ಲಗೆ ಹೇಳಿದೆ.

"ಖಲ್ಲಿವಲ್ಲಿ ಮಾರಾಯ" ಎಂದ. ಹಾಳಾಗಿ ಹೋಗಲಿ ಬಿಡು ಎನ್ನಲು ಗಲ್ಫಿನಲ್ಲಿ ಎಲ್ಲರೂ ಬಳಸುವ ಮಾತದು. "ಪತ್ರ ಕೈಗೆ ಬರುವವರೆಗೆ ಬಾಯಿ ಮುಚ್ಚಿ ಕೂತ್ಕೋ. ಹೆಂಡ್ತಿ ಮಕ್ಳು ಬರ್ಲಿಕ್ಕಿಲ್ವಾ ನಿಂಗೆ?"

ಎರಡು ದಿನ ಬಾಯಿ ಮುಚ್ಚಿ ಕೂತೆ. ಅಣೆಕಟ್ಟಿನ ಕೆಳಗೆ ಯಾರ ಮನೆಗಳಿವೆಯೋ ಎಂಬ ಯೋಚನೆ ಶುರುವಾಯಿತು. ಅವರ ಟೆರೇಸಿನಲ್ಲೂ ಏನೋ ಒಣಗುತ್ತಿರುವಂತೆ ಅನಿಸತೊಡಗಿತು. ಮೂರನೆಯ ದಿನ ಕಚೇರಿಯ ಮುಖ್ಯಸ್ಥೆ ಫಾತಿಮಾ ಮೇಡಂ ಎದುರು ನಿಂತು ಎಲ್ಲ ಹೇಳಿಬಿಟ್ಟೆ. ಅವರು ಬಹ್ರೈನಿನವರೇ, ಮಾತು ಕಡಿಮೆ.

"ಎಷ್ಟು ಪುಟಗಳಲ್ಲಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಎಲ್ಲ ಪುಟಗಳಲ್ಲಿ ಮೇಡಂ."

ಅವರು ಕಿಟಕಿಯತ್ತ ತಿರುಗಿದರು. ಕೆಳಗೆ ಟ್ಯಾಂಕರೊಂದು ಇನ್ನೂ ರಸ್ತೆಯ ನೀರು ಹೀರುತ್ತಿತ್ತು. "ನಾವು ಹನಿಗಾಗಿ ನಮಾಜು ಮಾಡುವವರು. ನೀವು ಹನಿಯನ್ನು ಸೊನ್ನೆ ಎಂದು ಬರೆದಿರಿ" ಎಂದರು. ಸ್ವರದಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು. "ಮೊದಲಿನಿಂದ ಮಾಡಿ. ನಿಮ್ಮ ಪತ್ರದ ವಿಷಯ ಅದು ಮುಗಿದ ಮೇಲೆ ನೋಡೋಣ."

ಕೊಡುತ್ತೇವೆ ಎನ್ನಲಿಲ್ಲ, ಕೊಡುವುದಿಲ್ಲ ಎಂದೂ ಅನ್ನಲಿಲ್ಲ. ಈಗ ದಿನಾ ಮೊದಲ ಪುಟದಿಂದ ಶಿಲುಬೆಗಳನ್ನು ಹುಡುಕುತ್ತಿದ್ದೇನೆ. ಊರಿನ ಮಳೆಯ ಲೆಕ್ಕ ಹಿಡಿದು ಹೋದರೆ ಇಲ್ಲಿ ತಪ್ಪಾಗುತ್ತದೆ. ಇಲ್ಲಿಯ ಲೆಕ್ಕ ಕಲಿತ ಮೇಲೆ ಊರಿನ ಸುದ್ದಿ ಕೇಳಿದರೆ ಭಯವಾಗುತ್ತದೆ. ಎರಡರ ನಡುವೆ ನನ್ನ ಊರು ಯಾವುದೆಂದು ಸರಿಯಾಗಿ ಹೇಳಲಾರೆ.

ಕಳೆದ ಶುಕ್ರವಾರ, ಇಲ್ಲಿನ ರಜೆಯ ದಿನ, ಮಗಳು ಫೋನಿನಲ್ಲಿ ಕೇಳಿದಳು, "ಅಪ್ಪ, ಅಲ್ಲಿ ಮಳೆ ಉಂಟಾ?"

ಕಿಟಕಿಯ ಧೂಳಿನ ಮೇಲೆ ನಾಲ್ಕೈದು ಹನಿಗಳ ಗುರುತಿತ್ತು, ಅಷ್ಟೆ. ಮೊದಲಾದರೆ ಇಲ್ಲ ಎನ್ನುತ್ತಿದ್ದೆ.

"ಉಂಟು ಮಗಾ" ಎಂದೆ.

"ಹಾಗಾದ್ರೆ ಬರುವಾಗ ನನ್ನ ಕೊಡೆ ತರ್ಬೇಕಾ?"

"ತಾ" ಎಂದೆ. ಯಾವಾಗ ಎಂದು ಅವಳು ಕೇಳುವ ಮೊದಲೇ, ಅಮ್ಮನಿಗೆ ಫೋನ್ ಕೊಡು ಎಂದೆ.