ಕುಕ್ಕಪ್ಪ ಮಾವನ ಬೆನ್ನು ಮತ್ತು ಆರು ಲೆನ್ಸು

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ, ಕಡಬ ಪೇಟೆಯ ತಮ್ಮ ಸ್ಟುಡಿಯೋದ ಹಿಂದಿನ ಅಂಗಳದಲ್ಲಿ, ತೀರ್ಥರಾಮ ಎರಡು ತೆಂಗಿನಕಾಯಿಗಳಿಗೆ ಮದುವೆ ಮಾಡಿಸುತ್ತಿದ್ದರು. ಎರಡು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಒಂದೊಂದು ಕಾಯಿ. ಜುಟ್ಟು ಇದ್ದದ್ದು ವರ, ಇಲ್ಲದ್ದು ವಧು. ನಡುವೆ ಹಿತ್ತಾಳೆಯ ಹರಿವಾಣ. ಅವರ ಹೆಂಡತಿ ಸುಪ್ರಿತಾ ಧಾರೆ ಎರೆಯುವ ಗಿಂಡಿ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಗಿಂಡಿಯ ಮೂತಿಯಿಂದ ಬೀಳುವ ನೀರು ಫೋಟೋದಲ್ಲಿ ದಾರದ ಹಾಗೆ ಕಾಣಬೇಕು, ವಧೂವರರ ಮುಖವೂ ಸ್ಪಷ್ಟವಾಗಿ ಬರಬೇಕು. ಅದಕ್ಕೆ ಯಾವ ಲೆನ್ಸು ಸರಿ ಎಂಬುದರ ಪರೀಕ್ಷೆ ನಡೆದಿತ್ತು.

"ಇನ್ನೊಮ್ಮೆ" ಎಂದರು ತೀರ್ಥರಾಮ.

"ಇದು ಹದಿನೇಳನೇ ಸಲ. ಇಷ್ಟು ನೀರು ಹೊಯ್ದರೆ ಮದುಮಗಳು ಇಲ್ಲೇ ಮೊಳಕೆ ಬರ್ತಾಳೆ."

"ಈ ಎಂಬತ್ತೈದರ ಲೆನ್ಸಿನಲ್ಲಿ ಇನ್ನೊಂದು ನೋಡುವ ಮಾರಾಯ್ತಿ."

"ಎದುರಿಗೆ ಒಬ್ಬರು ಪಾಸ್‌ಪೋರ್ಟ್ ಫೋಟೋಕ್ಕೆ ಅರ್ಧ ಗಂಟೆಯಿಂದ ಕೂತಿದ್ದಾರೆ. ಅವರದ್ದು ಯಾರು ನೋಡುದು?"

ನೋಡಿದ್ದು ಸುಪ್ರಿತಾ. ಗಿಂಡಿ ಕೆಳಗಿಟ್ಟು ಒಳಗೆ ಹೋದರು, ಹಳೆಯ ಕ್ಯಾಮೆರಾದಲ್ಲಿ ಫೋಟೋ ತೆಗೆದು, ಪ್ರಿಂಟ್ ಹಾಕಿ, ಕತ್ತರಿಸಿ ಕೊಟ್ಟು ಬಂದರು. ಅಷ್ಟರಲ್ಲಿ ತೀರ್ಥರಾಮ ಒಂದು ಲೆನ್ಸು ಬಿಚ್ಚಿ ಇನ್ನೊಂದು ಹಾಕಿ, ಹಳೆಯ ಡೈರಿಯಲ್ಲಿ ಅಂಕ ಬರೆದಿದ್ದರು. ಎಂಬತ್ತೈದಕ್ಕೆ ಹತ್ತರಲ್ಲಿ ಏಳು.

ತೀರ್ಥರಾಮರಿಗೆ ನಲವತ್ತನಾಲ್ಕು ವರ್ಷ. ಸುಳ್ಯ ಕಡೆಯ ಗೌಡರು. ಕಡಬದಲ್ಲಿ ಸ್ಟುಡಿಯೋ ಹಾಕಿ ಇಪ್ಪತ್ತೊಂದು ವರ್ಷ ಆಯಿತು. ಸಾವಿರಕ್ಕೆ ಹತ್ತಿರ ಮದುವೆಗಳ ಫೋಟೋ ತೆಗೆದಿದ್ದಾರೆ. ಅವರೇ ಹೇಳುವಂತೆ, ಅದರಲ್ಲಿ ಸುಮಾರು ಒಂಬೈನೂರು ಜನ ಇನ್ನೂ ರಸ್ತೆಯಲ್ಲಿ ಸಿಕ್ಕಿದರೆ ಮಾತಾಡಿಸುತ್ತಾರೆ. ಅವರ ಬಳಿ ಆರು ಲೆನ್ಸುಗಳಿವೆ. ಯಾವುದಕ್ಕೂ ಕಂಪೆನಿಯ ಹೆಸರು ಹೇಳುವುದಿಲ್ಲ, ನಂಬರಿನಿಂದಲೇ ಕರೆಯುತ್ತಾರೆ. ನಂಬರು ಸಣ್ಣದಾದಷ್ಟು ಲೆನ್ಸು ಅಗಲ ನೋಡುತ್ತದೆ, ದೊಡ್ಡದಾದಷ್ಟು ದೂರ ನೋಡುತ್ತದೆ.

"ಹೊಸ ಲೆನ್ಸು ತಂದಾಗಲೆಲ್ಲ ಇನ್ನು ನನ್ನ ಫೋಟೋ ಹಾಳಾಗುದಿಲ್ಲ ಅಂತ ನಂಬ್ತೇನೆ" ಎನ್ನುತ್ತಾರೆ ಅವರು. "ಹಾಳಾಗ್ತದೆ. ಆದ್ರೆ ಮೊದಲಿಗಿಂತ ಸ್ಪಷ್ಟವಾಗಿ ಹಾಳಾಗ್ತದೆ."

ಮೊದಲು ಕೊಂಡದ್ದು ಹದಿನಾರು–ಮೂವತ್ತೈದು. ಮನೆಯ ಚಾವಡಿ ಸಣ್ಣದು, ನೆಂಟರು ಜಾಸ್ತಿ, ಎಲ್ಲರೂ ಒಂದೇ ಫೋಟೋದಲ್ಲಿ ಬರಬೇಕು ಎಂಬಲ್ಲಿಗೆ ಅದು ಸರಿ. ಆದರೆ ಅಗಲದ ಲೆನ್ಸು ಅಂಚಿನಲ್ಲಿ ಇದ್ದವರನ್ನು ಎಳೆದು ಹಿಗ್ಗಿಸುತ್ತದೆ. ಗ್ರೂಪ್ ಫೋಟೋದಲ್ಲಿ ಅಂಚಿಗೆ ಹೋಗಿ ನಿಲ್ಲುವವರು ಸಂಕೋಚದ ಹೆಂಗಸರು. ನರಿಮೊಗರಿನ ಒಬ್ಬರು ಆಲ್ಬಮ್ ತಂದು ಟೇಬಲ್ ಮೇಲೆ ಬಿಡಿಸಿಟ್ಟು, "ಸೀರೆ ನನ್ನದೇ. ಈ ಕೈ ಯಾರದ್ದು?" ಎಂದು ಕೇಳಿದ್ದರು. ಅಂದಿನಿಂದ ತೀರ್ಥರಾಮ ಗ್ರೂಪ್ ಫೋಟೋದ ಎರಡೂ ತುದಿಗೆ ಸಪೂರದ ಹುಡುಗರನ್ನು ನಿಲ್ಲಿಸುತ್ತಾರೆ.

ಎಂಬತ್ತೈದು ಮುಖ ತೆಗೆಯಲಿಕ್ಕೆ. ಮೂಗು ಮೂಗಿನ ಅಳತೆಯಲ್ಲೇ ಇರುತ್ತದೆ, ಹಿಂದಿನದೆಲ್ಲ ಹತ್ತಿಯ ಹಾಗೆ ಮಸುಕಾಗುತ್ತದೆ. ಅದನ್ನು ತಂದ ವರ್ಷ ಅವರು ಸಿಕ್ಕಿದ್ದನ್ನೆಲ್ಲ ಮಸುಕು ಮಾಡಿದರು. ಪುತ್ತೂರಿನ ಒಬ್ಬ ಮದುಮಗಳ ತಂದೆ ಆಲ್ಬಮ್ ಮಗುಚುತ್ತಾ ಹೋಗಿ ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: "ಇಷ್ಟು ಹೂ ತರಿಸಿ ಮಂಟಪ ಕಟ್ಟಿಸಿದ್ದು ಎಲ್ಲಿ ಹೋಯಿತು ಮಾರಾಯ್ರೆ?"

ನೂರರ ಮ್ಯಾಕ್ರೋ ಲೆನ್ಸು ಸಣ್ಣ ವಸ್ತುವನ್ನು ಹತ್ತಿರದಿಂದ ದೊಡ್ಡದಾಗಿ ತೋರಿಸುವಂಥದ್ದು. ಉಂಗುರ, ಕರಿಮಣಿ, ಮದರಂಗಿಯ ಗೆರೆ ತೆಗೆಯಲೆಂದು ಕೊಂಡರು. ಈಗ ಅದರಿಂದ ತೆಗೆಯುವುದು ಹೆಚ್ಚಾಗಿ ಅಡಿಕೆ ಸೋಗೆಯ ಎಲೆಚುಕ್ಕಿ ರೋಗ. ತೋಟದವರು ಸೋಗೆ ಕತ್ತರಿಸಿ ತರುತ್ತಾರೆ, ಇವರು ತೆಗೆದ ಫೋಟೋವನ್ನು ಕೃಷಿ ವಿಜ್ಞಾನಿಗಳಿಗೆ ಕಳಿಸುತ್ತಾರೆ. "ನನ್ನ ಫೋಟೋಗಳಲ್ಲಿ ವಿದ್ಯಾವಂತರು ಮೆಚ್ಚಿದ್ದು ಅದೊಂದನ್ನೇ" ಎಂದು ತೀರ್ಥರಾಮ ಒಪ್ಪಿಕೊಳ್ಳುತ್ತಾರೆ.

ಎಪ್ಪತ್ತು–ಇನ್ನೂರು ಒಂದೂವರೆ ಕಿಲೋ ತೂಗುವ ದೂರದ ಲೆನ್ಸು. ಶಾಲೆಯ ಕ್ರೀಡಾಕೂಟಕ್ಕೆ, ವೇದಿಕೆಯ ಕಾರ್ಯಕ್ರಮಕ್ಕೆ. ಇಪ್ಪತ್ತನಾಲ್ಕು–ಎಪ್ಪತ್ತು ದಿನನಿತ್ಯದ ಅನ್ನದಂಥದ್ದು, ಅದರ ಬಗ್ಗೆ ಅವರು ಮಾತೇ ಆಡುವುದಿಲ್ಲ. ಆರನೆಯದು ಐವತ್ತರದ್ದು. ಸಣ್ಣದು, ಝೂಮ್ ಇಲ್ಲ. ಹತ್ತಿರ ಬೇಕಾದರೆ ಹತ್ತಿರ ಹೋಗಬೇಕು, ದೂರ ಬೇಕಾದರೆ ಹಿಂದೆ ಸರಿಯಬೇಕು. ಪಾಸ್‌ಪೋರ್ಟ್ ಫೋಟೋದ ಹಳೆಯ ಕ್ಯಾಮೆರಾಕ್ಕೆ ಅಂಟಿಕೊಂಡು ಎಷ್ಟೋ ವರ್ಷ ಆಯಿತು. ಡೈರಿಯಲ್ಲಿ ಅದಕ್ಕೆ ಅಂಕವೇ ಇಲ್ಲ.

ಇಷ್ಟೆಲ್ಲ ಪರೀಕ್ಷೆ ಒಂದು ಫೋಟೋಕ್ಕಾಗಿ. ಭಾನುವಾರ ಸವಣೂರಿನಲ್ಲಿ ಅವರ ಅಕ್ಕ ಹರಿಣಾಕ್ಷಿಯ ಮಗಳು ಮೋಕ್ಷಿತಾಳ ಮದುವೆ. ಅದರ ಧಾರೆಯ ಫೋಟೋ ಸರಿಯಾಗಿ ಬರಲೇಬೇಕು, ಏಕೆಂದರೆ ಹರಿಣಾಕ್ಷಿಯ ಧಾರೆಯ ಫೋಟೋ ಬಂದಿಲ್ಲ.

ಅದು ಇಪ್ಪತ್ತನಾಲ್ಕು ವರ್ಷದ ಹಿಂದಿನ ಮಾತು. ತೀರ್ಥರಾಮ ಆಗ ಪುತ್ತೂರಿನ ಸ್ಟುಡಿಯೋ ಒಂದರಲ್ಲಿ ಕೆಲಸ ಕಲಿಯುತ್ತಿದ್ದರು. ಯಜಮಾನರ ಫಿಲ್ಮ್ ಕ್ಯಾಮೆರಾ, ಜೊತೆಗೆ ಒಂದು ಉದ್ದದ ಝೂಮ್ ಲೆನ್ಸು ಬೇಡಿ ತಂದು, ಅಕ್ಕನ ಮದುವೆಗೆ ನೆಂಟರ ಕಣ್ಣು ಕುಕ್ಕುವ ಹಾಗೆ ಓಡಾಡಿದರು. ಧಾರೆಯ ಹೊತ್ತಿನ ಪ್ರಿಂಟು ಇಂದಿಗೂ ಆಲ್ಬಮ್ಮಿನಲ್ಲಿದೆ. ಅದರ ತುಂಬ ಒಂದು ಬಿಳಿ ಅಂಗಿಯ ಬೆನ್ನು. ಬೆನ್ನಿನ ಬಲಕ್ಕೆ ಗಿಂಡಿಯ ಮೂತಿ, ಎಡಕ್ಕೆ ಹರಿಣಾಕ್ಷಿಯ ಒಂದು ಕಿವಿ. ಬೆನ್ನು ಅವರ ಸೋದರಮಾವ ಕುಕ್ಕಪ್ಪನವರದ್ದು. ಫಿಲ್ಮಿನಲ್ಲಿ ಅದೇ ಕೊನೆಯ ಫೋಟೋ. ಇನ್ನೊಂದು ತೆಗೆಯಲು ಜಾಗ ಇರಲಿಲ್ಲ.

ಅಂದಿನಿಂದ ಯಾರು ಆಲ್ಬಮ್ ನೋಡಿದರೂ ಹರಿಣಾಕ್ಷಿ, "ಇದು ನನ್ನ ತಮ್ಮ ತೆಗೆದದ್ದು, ಕಿವಿ ಚೆಂದ ಬಂದಿದೆ" ಎನ್ನುತ್ತಾರೆ. ತೀರ್ಥರಾಮರದ್ದು ಒಂದೇ ಉತ್ತರ: ಕುಕ್ಕಪ್ಪ ಮಾವ ಅಡ್ಡ ನಿಂತದ್ದು.

ಬುಧವಾರ ಹನ್ನೊಂದೂವರೆಗೆ ಹರಿಣಾಕ್ಷಿ ಒಂದು ಚೀಲ ಹಿಡಿದುಕೊಂಡು ಸ್ಟುಡಿಯೋಕ್ಕೆ ಬಂದರು. ಅಕ್ಕ ತಮ್ಮ ಮಾತಾಡುವುದು ತಮ್ಮ ಮನೆಮಾತಾದ ಅರೆಭಾಷೆಯಲ್ಲಿ. ಜಗಳ ಬಂದಾಗ ಮಾತ್ರ ಕನ್ನಡಕ್ಕೆ ಇಳಿಯುತ್ತಾರೆ. ಅಂದು ಚೀಲ ಬಿಚ್ಚಿದ ಕೂಡಲೇ ಕನ್ನಡ ಶುರುವಾಯಿತು. ಒಳಗೆ ಇದ್ದದ್ದು ಬಿಳಿ ಪಂಚೆ, ಜರಿ ಶಾಲು, ಮುಂಡಾಸಿನ ಬಟ್ಟೆ.

"ಯಾರಿಗೆ ಇದು?"

"ಮೋಕ್ಷಿತಾಳ ಸೋದರಮಾವನಿಗೆ."

"ಯಾರು ಸೋದರಮಾವ?"

ಹರಿಣಾಕ್ಷಿ ಸುಪ್ರಿತಾರ ಕಡೆ ನೋಡಿದರು. "ಇವನಿಗೆ ಬೆಳಿಗ್ಗೆ ತಿಂಡಿ ಕೊಟ್ಟಿದ್ದಿಯಾ?"

ಅವರ ಮನೆತನದಲ್ಲಿ ಮದುಮಗಳನ್ನು ಮಂಟಪಕ್ಕೆ ಎತ್ತಿಕೊಂಡು ಬರುವುದು ತಾಯಿಯ ತಮ್ಮ ಅಥವಾ ಅಣ್ಣ. ಧಾರೆ ಮುಗಿಯುವವರೆಗೂ ಆತ ಅವಳ ಪಕ್ಕದಿಂದ ಕದಲುವಂತಿಲ್ಲ. ಹರಿಣಾಕ್ಷಿಗೆ ಇರುವುದು ಒಬ್ಬನೇ ತಮ್ಮ. ಸಾವಿರ ಮದುವೆಗಳಲ್ಲಿ ಸೋದರಮಾವಂದಿರನ್ನು ಕಂಡ ತೀರ್ಥರಾಮ, ಮೂರು ವಾರಗಳಿಂದ ಧಾರೆಯ ಫೋಟೋಕ್ಕೆ ಲೆನ್ಸು ಹುಡುಕುತ್ತಾ, ಆ ಹೊತ್ತಿಗೆ ತಾನು ಎಲ್ಲಿರಬೇಕು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಸೋದರಮಾವ ಅಂದ್ರೆ ನನ್ನ ಲೆಕ್ಕದಲ್ಲಿ ಫ್ರೇಮಿಗೆ ಅಡ್ಡ ಬರುವ ಮನುಷ್ಯ" ಎಂದರು ಅವರು ಆಮೇಲೆ. "ಅಂಥವರಿಗೆಲ್ಲ, ಮಾವನವರೇ ಸ್ವಲ್ಪ ಬದಿಗೆ, ಅಂತ ಹೇಳಿಕೊಂಡೇ ಇಷ್ಟು ವರ್ಷ ಊಟ ಮಾಡಿದ್ದು. ಎತ್ತಬೇಕಂತೆ ಬೇರೆ. ಮೋಕ್ಷಿತಾ ಐವತ್ತೆರಡು ಕಿಲೋ. ನಾನು ಇಷ್ಟರವರೆಗೆ ಎತ್ತಿದ ಭಾರ ಎಂದರೆ ಎಪ್ಪತ್ತು–ಇನ್ನೂರು."

ಭಾನುವಾರ ಒಳ್ಳೆಯ ಮುಹೂರ್ತದ ದಿನ. ಪುತ್ತೂರು, ಸುಳ್ಯ, ಕಡಬ ಮೂರೂ ಕಡೆ ಫೋನು ಮಾಡಿದರು. ಬಿಡುವಿದ್ದ ಕ್ಯಾಮೆರಾದವರು ಒಬ್ಬರೂ ಸಿಗಲಿಲ್ಲ. ಉಳಿದದ್ದು ಒಂದೇ ದಾರಿ ಎಂದು ಮಧ್ಯಾಹ್ನ ಊಟದ ನಂತರ ಸ್ಕೂಟರ್ ಹತ್ತಿ, ಹಳೆಯ ಪ್ರಿಂಟನ್ನು ಡೈರಿಯೊಳಗೆ ಇಟ್ಟುಕೊಂಡು, ಕೋಡಿಂಬಾಳದ ಕುಕ್ಕಪ್ಪ ಮಾವನ ಮನೆಗೆ ಹೋದರು.

ಕುಕ್ಕಪ್ಪನವರಿಗೆ ಈಗ ಎಂಬತ್ತೊಂದು. ಅಂಗಳದ ಹಗ್ಗದ ಮೇಲೆ ರಬ್ಬರ್ ಶೀಟು ಒಣಹಾಕುತ್ತಿದ್ದರು. ವಿಷಯ ಕೇಳಿ ಕೆಲಸ ನಿಲ್ಲಿಸಲಿಲ್ಲ.

"ನನ್ನ ಬದಲು ನೀವೇ ಒಮ್ಮೆ ನಿಂತ್ರೆ ಆಗ್ತಿತ್ತು ಮಾವ. ಎತ್ತುದು ಬೇಡ. ನಡೆಸಿಕೊಂಡು ಬಂದ್ರೆ ಸಾಕು."

"ನಾನು ಹರಿಣಾಕ್ಷಿಯ ಮಾವ. ಮೋಕ್ಷಿತಾಳ ಮಾವ ನೀನು. ಅದಕ್ಕೆ ಬದಲಿ ಜನ ಇಲ್ಲ."

"ಹಾಗಾದ್ರೆ ಫೋಟೋ?"

"ಅದೆಂತ, ನನ್ನ ಬೆನ್ನಿನ ಹಾಗೆ ನಿನ್ನ ಬೆನ್ನು ಬರ್ತದೆ. ನೀನು ಇಪ್ಪತ್ತನಾಲ್ಕು ವರ್ಷ ಊರಿಡೀ ನನ್ನ ಬೆನ್ನಿನ ಕಥೆ ಹೇಳಿದ್ದಿ. ನಾನು ಅಲ್ಲಿ ನಿಲ್ಲದೆ ಬಾವಿಕಟ್ಟೆಯಲ್ಲಿ ನಿಲ್ಲಬೇಕಿತ್ತಾ?"

"ಸ್ವಲ್ಪ ಬಗ್ಗಬಹುದಿತ್ತು ಮಾವ."

"ಪಟ ತೋರಿಸು." ಕುಕ್ಕಪ್ಪ ಕೈ ಒರೆಸಿಕೊಂಡು ಪ್ರಿಂಟನ್ನು ಕಣ್ಣಿನ ಹತ್ತಿರ ಹಿಡಿದರು. ಒಳ್ಳೆಯ ಅಂಗಿ ಎಂದರು. ಆಮೇಲೆ ಕೇಳಿದರು: "ನೀನು ಆಗ ಎಲ್ಲಿದ್ದಿ?"

"ಚಪ್ಪರದ ಕೊನೆಯಲ್ಲಿ."

"ಅಲ್ಲಿ ಯಾಕೆ?"

"ಅದು ದೂರದ ಲೆನ್ಸು ಮಾವ. ತೀರಾ ಹತ್ತಿರ ಹೋದ್ರೆ ಫೋಕಸ್ ಆಗುದಿಲ್ಲ."

"ಹತ್ತಿರ ಬೇಡ. ಬದಿಗೆ ಬರಬಹುದಿತ್ತಲ್ಲ? ನಾನು ಎರಡು ಸಲ ತಿರುಗಿ ನೋಡಿದ್ದೇನೆ, ಈಗ ಬರ್ತಾನೆ, ಈಗ ಬರ್ತಾನೆ ಅಂತ. ನೀನು ಚಪ್ಪರದ ಕಂಬಕ್ಕೆ ಒರಗಿ ಆ ಕೊಳವೆಯನ್ನು ತಿರುಗಿಸ್ತಾ ಇದ್ದಿ. ಎರಡು ಹೆಜ್ಜೆ. ನಿನ್ನ ಕಾಲಿಗೆ ಎಂತ ಆಗಿತ್ತು?"

ತೀರ್ಥರಾಮರಿಗೆ ಕಾಲಿಗೆ ಏನೂ ಆಗಿರಲಿಲ್ಲ. ನಿಂತಲ್ಲಿಂದಲೇ ಎಲ್ಲವನ್ನೂ ಎಳೆದು ಹತ್ತಿರ ತರುವ ಲೆನ್ಸು ಕೈಯಲ್ಲಿದ್ದಾಗ ನಡೆಯುವುದು ಅವಮಾನ ಎಂದು ಆ ಇಪ್ಪತ್ತು ವರ್ಷದ ಹುಡುಗನಿಗೆ ಅನಿಸಿತ್ತು. ನೆಂಟರ ಹುಡುಗಿಯರು ಅದೇ ಕಂಬದ ಪಕ್ಕದಲ್ಲಿ ಕೂತಿದ್ದರು ಎಂಬುದನ್ನೂ ಅವರು ಮಾವನ ಎದುರು ಒಪ್ಪಿಕೊಂಡರು.

"ಅದು ನನಗೆ ಆಗಲೇ ಗೊತ್ತಿತ್ತು" ಎಂದರು ಕುಕ್ಕಪ್ಪ, ಮತ್ತು ಮುಂದಿನ ಶೀಟು ಕೈಗೆತ್ತಿಕೊಂಡರು.

ಸಂಜೆ ಸ್ಟುಡಿಯೋಕ್ಕೆ ಮರಳಿದಾಗ ಸುಪ್ರಿತಾ ವರನ ಜುಟ್ಟು ಕಿತ್ತು, ವಧುವನ್ನು ಒಡೆದು ರಾತ್ರಿಯ ಊಟದ ಪದಾರ್ಥಕ್ಕೆ ತುರಿದಿದ್ದರು. ತೀರ್ಥರಾಮ ತಮ್ಮ ಮದುವೆಯಾದ ಹನ್ನೆರಡು ವರ್ಷಗಳಲ್ಲಿ ಮೊದಲ ಬಾರಿಗೆ, ಧಾರೆಯ ಫೋಟೋ ನೀನು ತೆಗೆಯುತ್ತೀಯಾ ಎಂದು ಹೆಂಡತಿಯನ್ನು ಕೇಳಿದರು. ಅವರು ಹೂಂ ಎಂದರು. ಇವರು ಐದು ಲೆನ್ಸುಗಳನ್ನು ಸಾಲಾಗಿ ಟೇಬಲ್ ಮೇಲಿಟ್ಟು, ಯಾವುದರಿಂದ ಏನಾಗುತ್ತದೆ, ಯಾವಾಗ ಯಾವುದನ್ನು ತಿರುಗಿಸಬೇಕು ಎಂದು ಹೇಳತೊಡಗಿದರು. ಮೂರನೆಯದಕ್ಕೆ ಬಂದಾಗ ಸುಪ್ರಿತಾ ತಡೆದರು.

"ಇದೆಲ್ಲ ನನಗೆ ಬೇಡ. ಪಾಸ್‌ಪೋರ್ಟಿನ ಆ ಸಣ್ಣದು ಸಾಕು."

"ಅದರಲ್ಲಿ ಝೂಮ್ ಇಲ್ಲ."

"ನನಗೆ ಕಾಲುಂಟಲ್ಲ."

"ಕೋಡಿಂಬಾಳದಿಂದ ಫೋನು ಬಂದಿತ್ತಾ?"

"ಎಂತ ಫೋನು?"

ತೀರ್ಥರಾಮ ಹಳೆಯ ಕ್ಯಾಮೆರಾದಿಂದ ಐವತ್ತರ ಲೆನ್ಸು ಬಿಚ್ಚಿದರು, ಗಾಜು ಒರೆಸಿದರು, ಹೊಸ ಕ್ಯಾಮೆರಾಕ್ಕೆ ಹಾಕಿ ಹೆಂಡತಿಯ ಕೈಗೆ ಕೊಟ್ಟರು. ಉಳಿದಿದ್ದ ವರನನ್ನು ಕುರ್ಚಿಯ ಮೇಲಿಟ್ಟು, ಪಕ್ಕದಲ್ಲಿ ತಾವೇ ನಿಂತು ಗಿಂಡಿ ಬಗ್ಗಿಸಿದರು. ಸುಪ್ರಿತಾ ಮೊದಲು ಎದುರು ನಿಂತು ನೋಡಿದರು, ತಲೆ ಆಡಿಸಿದರು, ಬಲಕ್ಕೆ ಎರಡು ಹೆಜ್ಜೆ ಸರಿದು ಒಂದೇ ಫೋಟೋ ತೆಗೆದರು. ನೀರು ದಾರದ ಹಾಗೆ ಬಂದಿತ್ತು. ತೆಂಗಿನಕಾಯಿಯ ಮೂರೂ ಕಣ್ಣು ಸ್ಪಷ್ಟ. ತೀರ್ಥರಾಮರ ಮುಖದ ಅರ್ಧ ಭಾಗವೂ ಇತ್ತು. ಸಾವಿರ ಮದುವೆಗಳಲ್ಲಿ ಒಂದರಲ್ಲೂ ತಾನು ಫೋಟೋದೊಳಗೆ ಇರಲಿಲ್ಲ, ಇದ್ದಿದ್ದರೆ ಇಷ್ಟು ಹೊಟ್ಟೆ ಬಂದದ್ದು ಮೊದಲೇ ಗೊತ್ತಾಗುತ್ತಿತ್ತು ಎಂದರು ಅವರು. ಡೈರಿ ತೆಗೆದು ಐವತ್ತರ ಮುಂದೆ ಎಂಟು ಎಂದು ಬರೆದರು. ಸುಪ್ರಿತಾ ಪೆನ್ನು ತೆಗೆದುಕೊಂಡು ಅದನ್ನು ಒಂಬತ್ತು ಮಾಡಿದರು.

ಮುಹೂರ್ತ ಭಾನುವಾರ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ. ಸುಪ್ರಿತಾ ಐವತ್ತರ ಲೆನ್ಸು ಹಿಡಿದು ಮಂಟಪದ ಬಲಬದಿಯಲ್ಲಿ ನಿಲ್ಲುತ್ತಾರೆ. ಉಳಿದ ಐದು ಲೆನ್ಸುಗಳು ಅಂದು ಸ್ಟುಡಿಯೋದ ಕಪಾಟಿನಲ್ಲೇ ಇರುತ್ತವೆ.